ಸೀರಿ ಮ್ಯಾಲೆ ಬೆಲ್ಟು, ಕೈಯಾಗ ಕಸೂತಿ ಕ್ಲಚ್

ದೀಪಾವಳಿ ಹತ್ರ ಬಂತಂದ್ರ ಹುಬ್ಬಳ್ಳಿ ದುರ್ಗದಬೈಲ್‌ನಾಗ ಕಾಲಿಡಾಕ ಜಾಗ ಇರಂಗಿಲ್ಲ, ಆದ್ರೂ ಬಳಿ, ಕ್ಲಿಪ್ಪು, ಝುಮಕಿ ತಗೊಳಾಕ ನನಗ ಅಲ್ಲೇ ಹೋಗಬೇಕು. ಈಗ ಎಲ್ಲಾ ಕಡೆ ಸೀರಿ ಮ್ಯಾಲೆ ಬೆಲ್ಟ್ ಹಾಕೋ ಟ್ರೆಂಡ್ ಐತಿ, ಫ್ಯಾಷನ್ ಡಿಸೈನರ್ ಸಬ್ಯಸಾಚಿ ಅವರ ಹುಲಿ ಬಕಲ್ ಬೆಲ್ಟ್ ಬಂದಮ್ಯಾಲಂತೂ ಮದುವಿ ಫೋಟೋದಾಗೆಲ್ಲ ಅದೇ ಸ್ಟೈಲು. ನಮ್ಮ ಕಡೆ ಹೆಣ್ಮಕ್ಕಳು ಸೊಂಟಕ್ಕ ಡಾಬು ಹಾಕ್ಕೋತಾ ಎಷ್ಟೋ ತಲಿಮಾರು ಆತು, ಹಂಗಾಗಿ ಮನ್ಯಾಗ ಅಜ್ಜಿ ಡಾಬು ಇದ್ದವರು ಹೊಸ ಬೆಲ್ಟಿಗೆ ರೊಕ್ಕ ಸುರೀಬ್ಯಾಡ್ರಿ, ಇಳಕಲ್ ಸೀರಿ ಮ್ಯಾಲೆ ಅದನ್ನ ಹಾಕ್ಕೊಂಡು ನೋಡ್ರಿ, ಭಾಳ ಚಂದ ಕಾಣತೈತಿ.

ನನಗ ಖರೇ ಹುಚ್ಚು ಅಂದ್ರ ಕಸೂತಿ ಕ್ಲಚ್ಚು, ಪೋಟ್ಲಿ ಬ್ಯಾಗು. ಕಸೂತಿ ಅಂದ್ರ ನಮ್ಮ ಉತ್ತರ ಕರ್ನಾಟಕದ ಕೈ ಕಸೂತಿ: ಗವಂತಿ, ಮುರಗಿ, ನೇಯ್ಗಿ, ಮೆಂತ್ಯ ಅಂತ ನಾಕು ಥರದ ಹೊಲಿಗಿ, ಬಟ್ಟಿ ಎಳಿ ಎಣಿಸಿ ಎಣಿಸಿ ಹಾಕೋದು, ಅದ್ರಾಗ ಗವಂತಿ ಮತ್ತ ಮುರಗಿ ಹೆಂಗಂದ್ರ ಎಲ್ಲೂ ಗಂಟು ಇರಂಗಿಲ್ಲ, ಹಿಂದ ಮುಂದ ಎರಡೂ ಕಡೆ ಒಂದೇ ನಮೂನಿ ಕಾಣತೈತಿ. ಕಪ್ಪು ಬಟ್ಟಿ ಮ್ಯಾಲೆ ಕೆಂಪು ದಾರದಾಗ ಒಂದು ಗೋಪುರ, ಬಾಜೂಕ ಸಣ್ಣ ಆನಿ, ಇಷ್ಟಿದ್ರ ಸಾಕು ನನಗ, ಮ್ಯಾಲೆ ಮಣಿ ಮಿಣಿ ಏನೂ ಬ್ಯಾಡ.

ಮಷೀನ್ ಕೆಲಸಾನೂ ಕೈ ಕಸೂತಿ ಅಂತ ಮಾರತಾರ, ಅದಕ್ಕ ತಗೊಳೋ ಮುಂಚೆ ಹಿಂದಿನ ಬಾಜು ನೋಡ್ರಿ. ಮಷೀನಿಂದಾದ್ರ ಸಾಮಾನ್ಯವಾಗಿ ಕೆಳಗ ಬಾಬಿನ್ ದಾರ ಬ್ಯಾರೇನ ಕಾಣತೈತಿ. ಬ್ಯಾಗಿಗೆ ಲೈನಿಂಗ್ ಹಾಕಿದ್ರ ಒಳಗಿಂದು ಗೊತ್ತಾಗಂಗಿಲ್ಲ, ಆಗ ಅವರ ಕಡೆ ಅದೇ ಕೈಯಿಂದ ಹಾಕಿದ ದುಪಟ್ಟಾನೋ ಬ್ಲೌಸ್ ಪೀಸೋ ಇದ್ರ ತೋರಿಸ್ರಿ ಅನ್ರಿ. ಕೈ ಕೆಲಸದ ರೇಟು ಜಾಸ್ತಿನೇ ಇರತೈತಿ, ಚೌಕಾಸಿ ಝುಮಕಿಗೆ ಮಾಡ್ರಿ, ಕಣ್ಣು ಸೋಲೋ ಹಂಗ ಎಳಿ ಎಣಿಸಿ ಹೊಲಿದವರ ಹತ್ರ ಬ್ಯಾಡ.