ಫೆಜ್ ಹಳೆ ಪೇಟೆಯಲ್ಲಿ ಹತ್ತು ಗಂಟೆಯೊಳಗಿನ ತಿಂಡಿ

ಮೊರಾಕ್ಕೊಗೆ ಹೋದವರು ವೊಲುಬಿಲಿಸ್‌ನ ರೋಮನ್ ಕಂಬಗಳನ್ನೂ ಮೆಕ್ನೆಸ್‌ನ ಕೋಟೆ ಬಾಗಿಲುಗಳನ್ನೂ ನೋಡಬೇಕು, ನಿಜ. ಆದರೆ ಬರೆಯಲು ಕೂತರೆ ಮನಸ್ಸು ಓಡುವುದು ಫೆಜ್‌ನ ಹಳೆ ಪೇಟೆಗೆ. ಅಲ್ಲಿ ಬೀದಿಯಲ್ಲೇ ನಿಂತು ತಿನ್ನುವ, ಹೊಟ್ಟೆಗೆ ಹಿತವಾದ ತಿಂಡಿಗಳು ಒಂದಲ್ಲ ಹತ್ತಿವೆ. ಆದರೆ ಅವೆಲ್ಲ ಬೆಳಗಿನ ಸರಕು. ಮಧ್ಯಾಹ್ನ ಹೊರಟವರ ಪಾಲಿಗೆ ಉಳಿಯುವುದು ಬಹುಪಾಲು ಕರಿದದ್ದು, ಜೇನಿನಲ್ಲಿ ಅದ್ದಿದ್ದು.

ಏಳೂವರೆ, ಎಂಟಕ್ಕೆ ಬಾಬ್ ಬೂಜ್ಲೂದ್‌ನಿಂದ ಇಳಿಯಲು ಶುರು ಮಾಡಿ. ಹೊರಗಡೆ ನೀಲಿ, ಒಳಗಡೆ ಹಸಿರು ಹೆಂಚಿನ ಆ ಬಾಗಿಲು ಕಟ್ಟಿದ್ದು 1913ರಲ್ಲಿ. ಒಳಗಿನ ಪೇಟೆ ಅದಕ್ಕಿಂತ ನೂರಾರು ವರ್ಷ ಹಳೆಯದು. ಕಾರು ಹೋಗದ ಗಲ್ಲಿಗಳು. ಸಾಮಾನೆಲ್ಲ ಕತ್ತೆ, ಹೇಸರಗತ್ತೆಗಳ ಬೆನ್ನ ಮೇಲೆ. ಹಿಂದಿನಿಂದ ‘ಬಾಲಕ್!’ ಎಂಬ ಕೂಗು ಕೇಳಿದರೆ ಗೋಡೆಗೆ ಅಂಟಿ ನಿಲ್ಲಬೇಕು, ಕೈಯಲ್ಲಿ ಬಿಸಿ ಬಟ್ಟಲಿದ್ದರಂತೂ ತಪ್ಪದೆ. ತಲಾ ಕೆಬೀರಾ ಎಂಬ ಮುಖ್ಯ ಬೀದಿ ಕೊನೆವರೆಗೂ ಇಳಿಜಾರು. ಆದ್ದರಿಂದ ತಿನ್ನುತ್ತಾ ಇಳಿದು, ಕೆಳಗಿನ ರ್ಸೀಫ್ ಚೌಕದಿಂದ ಕೆಂಪು ಪುಟ್ಟ ಟ್ಯಾಕ್ಸಿ ಹಿಡಿದು ಮೇಲೆ ಬರುವುದೇ ಸರಿ.

ಮೊದಲು ಬಿಸ್ಸಾರ, ಅಂದರೆ ಒಣ ಫಾವಾ ಬೇಳೆಯ (ದೊಡ್ಡ ಅವರೆಯಂಥ ಕಾಳಿನ) ಗಟ್ಟಿ ಸಾರು. ಅದರ ಅಂಗಡಿಗೆ ಫಲಕ ಬೇಕಿಲ್ಲ. ಗೋಡೆಗೆ ಓರೆಯಾಗಿ ಕೂರಿಸಿದ ದೊಡ್ಡ ಹಂಡೆ, ಉದ್ದ ಹಿಡಿಯ ಸೌಟು, ಎದುರಿಗೆ ಒಂದೆರಡು ಬೆಂಚು. ಕೂತವರಲ್ಲಿ ಹೆಚ್ಚಿನವರು ಮೂಟೆ ಹೊರುವವರು, ಚರ್ಮದ ಕೆಲಸದವರು, ಅಂಗಡಿಯ ಹುಡುಗರು. ಮಧ್ಯಾಹ್ನದವರೆಗೆ ದುಡಿಯುವವರ ಹೊಟ್ಟೆಯನ್ನು ಈ ಒಂದು ಬಟ್ಟಲು ಹಿಡಿದಿಡುತ್ತದೆ. ಪ್ರವಾಸಿಗರು ಇದನ್ನು ದಾಟಿ ಹೋಗಿ ಮಹಡಿ ಮೇಲಿನ ಹೋಟೆಲಿನಲ್ಲಿ ಹತ್ತು ಪಟ್ಟು ಕೊಟ್ಟು ತಿನ್ನುವುದನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತದೆ.

ಮಾಡುವ ಕ್ರಮ ಸರಳ. ಸಿಪ್ಪೆ ತೆಗೆದು ಒಡೆದ ಒಣ ಫಾವಾ ಬೇಳೆ ಕಾಲು ಕೆಜಿ, ನೀರು ಒಂದೂಕಾಲು ಲೀಟರ್, ಬೆಳ್ಳುಳ್ಳಿ ನಾಲ್ಕೈದು ಎಸಳು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ, ನೊರೆ ತೆಗೆದು, ಮಸೆದು, ಕೊನೆಗೆ ಉಪ್ಪು. ಬಟ್ಟಲಿಗೆ ಬಡಿಸಿದ ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ, ಖಾರವಿಲ್ಲದ ಕೆಂಪು ಮೆಣಸಿನ ಪುಡಿ. ಸಿಪ್ಪೆ ಉಳಿದ ಕಾಳು ಹಾಕಿದರೆ ಬಣ್ಣ ಕಂದಾಗಿ ರುಚಿ ಒಗರಾಗುತ್ತದೆ. ಹದ ಗಟ್ಟಿ ತೊವ್ವೆಯಷ್ಟಿರಬೇಕು. ಆರುತ್ತಾ ಹೋದಂತೆ ಪಿಷ್ಟ ಬಿಗಿದು ಮೇಲೆ ಕೆನೆಗಟ್ಟುತ್ತದೆ. ಅಂಥದ್ದಕ್ಕೆ ನೀರು ಸುರಿದು ಮತ್ತೆ ಬಿಸಿ ಮಾಡಿದರೆ ಬೆಳ್ಳುಳ್ಳಿಯ ಘಮವೇ ಇರುವುದಿಲ್ಲ. ಹತ್ತು ಗಂಟೆಯೊಳಗೆ ಹೋಗಿ ಅನ್ನುವುದು ಇದಕ್ಕೇ. ಹೆಚ್ಚಿನ ಕಡೆ ಹಂಡೆ ಮಧ್ಯಾಹ್ನಕ್ಕೆಲ್ಲ ಬರಿದಾಗಿರುತ್ತದೆ.

ರೊಟ್ಟಿಯನ್ನು ಮುರಿದು ಅದ್ದಿ ತಿನ್ನಬೇಕು. ಬಾರ್ಲಿ ಹಿಟ್ಟಿನದು ಸಿಕ್ಕರೆ ಬಿಳಿ ರೊಟ್ಟಿ ಬಿಟ್ಟು ಅದನ್ನೇ ಕೇಳಿ. ಒಂದು ಎಚ್ಚರ ಮಾತ್ರ ಮರೆಯಬೇಡಿ: ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಫಾವಾ ಕಾಳು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಈ ಕೊರತೆ ಭಾರತೀಯರಲ್ಲೂ ಇದೆ. ಮನೆಯಲ್ಲಿ ಯಾರಿಗಾದರೂ ಇದೆಯೆಂದು ಗೊತ್ತಿದ್ದರೆ ಬಿಸ್ಸಾರವನ್ನೂ, ಗಾಡಿಯಲ್ಲಿ ಬೇಯಿಸಿ ಮಾರುವ ಫೂಲ್ ಎಂಬ ಹಸಿ ಫಾವಾ ಕಾಳನ್ನೂ ಮುಟ್ಟಬೇಡಿ.

ಅಂಥವರಿಗೆ ಬೆಂದ ಕಾಬೂಲಿ ಕಡಲೆ ಇದೆ. ಗಾಡಿಯಲ್ಲಿ ಹಬೆಯಾಡುವ ಕಡಲೆಯನ್ನು ಕಾಗದದ ಪೊಟ್ಟಣಕ್ಕೆ ಹಾಕಿ ಜೀರಿಗೆ, ಉಪ್ಪು ಉದುರಿಸುತ್ತಾರೆ. ಉಪ್ಪಿನ ಕೈ ಧಾರಾಳ. ರಕ್ತದೊತ್ತಡ ಇದ್ದವರು ಉದುರಿಸುವ ಮೊದಲೇ ‘ಬ್ಲಾ ಮಲ್ಹಾ’, ಉಪ್ಪು ಬೇಡ, ಎನ್ನಿ. ಬಗ್ರೀರ್ ಎಂಬ ರವೆ ದೋಸೆಯನ್ನೂ ಬಿಡಬೇಡಿ. ಹುದುಗಿದ ಹಿಟ್ಟು, ಒಂದೇ ಬದಿ ಬೇಯಿಸುತ್ತಾರೆ, ಮೈತುಂಬ ತೂತು. ಮಡಚಿ ಎಣ್ಣೆಯಲ್ಲಿ ಬೇಯಿಸುವ ಮ್ಸೆಮನ್ ರೊಟ್ಟಿಗಿಂತ ಬಲು ಹಗುರ. ಬೆಣ್ಣೆ, ಜೇನು ಸುರಿಯುವ ಮೊದಲು ಕೈ ಅಡ್ಡ ಹಿಡಿದು ತಡೆದರಾಯಿತು.

ಜುಲೈಯಿಂದ ಸೆಪ್ಟೆಂಬರ್ ನಡುವೆ ಹೋದರೆ ಪಾಪಾಸುಕಳ್ಳಿ ಹಣ್ಣಿನ ಗಾಡಿ ಹುಡುಕಿ. ಮಾರುವವನು ಎರಡು ತುದಿ ಕತ್ತರಿಸಿ, ಉದ್ದಕ್ಕೊಂದು ಗೀಟು ಹಾಕಿ, ಸಿಪ್ಪೆ ಬಿಡಿಸಿ ಹಣ್ಣು ಮಾತ್ರ ಚಾಚುತ್ತಾನೆ. ಸಿಪ್ಪೆಯನ್ನು ಮುಟ್ಟಲೇಬೇಡಿ. ಕೂದಲಿಗಿಂತ ಸಣ್ಣ ಮುಳ್ಳುಗಳು ಬೆರಳಿಗೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ, ದಿನವಿಡೀ ಚುಚ್ಚುತ್ತವೆ. ಬೀಜ ಗಟ್ಟಿ; ಅಗಿಯದೆ ಹಣ್ಣಿನ ಜೊತೆಗೇ ನುಂಗುವುದು ರೂಢಿ. ತಂಪಾಗಿದೆಯೆಂದು ಹತ್ತಾರು ತಿಂದರೆ ಮಲಬದ್ಧತೆ ಖಂಡಿತ. ಮೂರು ಸಾಕು. ಈ ಹಣ್ಣು ಹಿಂದಿನಷ್ಟು ಅಗ್ಗವಲ್ಲ: 2014ರಲ್ಲಿ ಕಾಣಿಸಿಕೊಂಡ ಕೋಚಿನೀಲ್ ಕೀಟ ಮೊರಾಕ್ಕೊದ ಕಳ್ಳಿ ತೋಟಗಳನ್ನು ಒಣಗಿಸಿ ಹಾಕಿತು.

ಮಹ್ಲಬಾ ಎನ್ನುವ ಹಾಲಿನಂಗಡಿಯಲ್ಲಿ ಲ್ಬೆನ್ (ಮಜ್ಜಿಗೆ) ಸಿಗುತ್ತದೆ. ಹಸಿ ಹಾಲಿನಿಂದ ಮಾಡಿದ್ದಾದರೆ ಬಸುರಿಯರು, ಮಕ್ಕಳು ಬೇಡ, ಪ್ಯಾಕೆಟಿನದು ನಿಶ್ಚಿಂತೆ. ಕಿತ್ತಳೆ ರಸವನ್ನು ಜಗ್‌ನಿಂದ ಬಗ್ಗಿಸಲು ಬಂದರೆ ಬೇಡವೆಂದು ಕಣ್ಣೆದುರೇ ಹಿಂಡಿಸಿ, ಒಂದೇ ಬಕೆಟ್‌ನಲ್ಲಿ ಅದ್ದಿ ತೆಗೆಯುವ ಲೋಟದ ಬದಲು ನಿಮ್ಮದೇ ಬಾಟಲಿ ಒಡ್ಡಿ. ಪುದೀನ ಚಹಾದ ಸಕ್ಕರೆ ಕೆಟಲಿಗೇ ಬೀಳುತ್ತದೆ. ‘ಬ್ಲಾ ಸುಕ್ಕರ್’ ಎನ್ನುವುದು ಕೆಟಲಿ ತುಂಬುವ ಮೊದಲೇ ಆಗಬೇಕು.

ಸಸ್ಯಾಹಾರಿಗಳು ಎಡವುವುದು ಹರೀರಾ ಸಾರಿನಲ್ಲಿ. ಟೊಮೆಟೊ, ಕಡಲೆ, ಮಸೂರ ಕಂಡು ನಂಬುತ್ತಾರೆ. ‘ಬ್ಲಾ ಲ್ಹಮ್’, ಮಾಂಸ ಬೇಡ, ಎಂದರೆ ಹಲವರು ತುಂಡುಗಳನ್ನು ಬದಿಗೆ ಸರಿಸಿ ಅದೇ ಸಾರು ಬಡಿಸುತ್ತಾರೆ. ಅದರಲ್ಲಿ ಮೋಸವೇನಿಲ್ಲ, ಅವರು ಕೇಳಿಸಿಕೊಂಡದ್ದೇ ಅಷ್ಟು. ಕುದಿಸುವಾಗ ಮಾಂಸ ಹಾಕಿದ್ದೀರಾ ಎಂದು ಬೇರೆಯಾಗಿಯೇ ಕೇಳಬೇಕು.

ಕಿಸೆಯಲ್ಲಿ 1, 5, 10 ದಿರ್ಹಮ್ ನಾಣ್ಯಗಳಿರಲಿ. ಬೆಳ್ಳಂಬೆಳಿಗ್ಗೆ ಬಿಸ್ಸಾರದವನ ಮುಂದೆ 200ರ ನೋಟು ಹಿಡಿದರೆ ಅವನು ಚಿಲ್ಲರೆಗಾಗಿ ಬೀದಿಯೆಲ್ಲ ಅಲೆಯಬೇಕು, ಅಷ್ಟರಲ್ಲಿ ನಿಮ್ಮ ಬಟ್ಟಲು ಆರಿರುತ್ತದೆ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಪೇಟೆಯ ಬಹುಪಾಲು ಅಂಗಡಿ ಮುಚ್ಚುತ್ತದೆ. ರಂಜಾನ್ ತಿಂಗಳಲ್ಲಿ ಹಗಲಿಡೀ ಈ ಯಾವ ಗಾಡಿಯನ್ನೂ ನೆಚ್ಚಬೇಡಿ. ಸೂರ್ಯ ಮುಳುಗಿದ ಮೇಲೆಯೇ ಒಲೆ, ಅದೂ ಮೊದಲು ಹರೀರಾಕ್ಕೆ.