ಬೆಟ್ಟದ ಕೆರೆಗೆ ಹೊರಡುವ ಮೊದಲು ಮಕ್ಕಳಿಗೆ ಈಜು ಕಲಿಸಿ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ಮನೆಮನೆಯಲ್ಲೂ ಒಂದೇ ಮಾತು, ವಯನಾಡಿಗೆ ಹೋಗುವ ಅಂತ. ಪೂಕೋಡು ಕೆರೆ, ಬಾಣಾಸುರ ಸಾಗರ, ಚೆಂಬ್ರ ಬೆಟ್ಟ. ಮಕ್ಕಳಿಗಂತೂ ನೀರು ಕಂಡರೆ ಸಾಕು, ಇಳಿಯಲೇಬೇಕು. ನಾನು ಹೇಳುವುದು ಇಷ್ಟೇ: ಈಜು ಊರಿನ ನೀರಿನಲ್ಲಿ ಇರಲಿ, ಬೆಟ್ಟದ ಕೆರೆಗೆ ಹೋದರೆ ಸುತ್ತ ನಡೆಯಿರಿ, ಬುತ್ತಿ ಬಿಚ್ಚಿ ಊಟ ಮಾಡಿ, ಬೇಕಿದ್ದರೆ ದೋಣಿ ಹತ್ತಿ. ನೀರಿಗೆ ಮಾತ್ರ ಇಳಿಯಬೇಡಿ. ಅಲ್ಲಿ ಹೆಚ್ಚಿನ ಕಡೆ ಈಜಲು ಬಿಡುವುದೂ ಇಲ್ಲ, ಅದು ಸರಿಯಾಗಿಯೇ ಇದೆ.

ಬಾಣಾಸುರ ಸಾಗರವನ್ನೇ ನೋಡಿ. ಮಣ್ಣಿನಿಂದ ಕಟ್ಟಿದ ಅಣೆಕಟ್ಟುಗಳಲ್ಲಿ ಭಾರತದಲ್ಲೇ ದೊಡ್ಡದು ಅನ್ನುತ್ತಾರೆ. ನಡುವೆ ಅಲ್ಲಲ್ಲಿ ದ್ವೀಪ ಕಾಣುತ್ತದೆ, ಎಲ್ಲರೂ ಫೋಟೋ ತೆಗೆಯುತ್ತಾರೆ. ಆ ದ್ವೀಪಗಳೆಲ್ಲ ಮುಳುಗಿದ ಗುಡ್ಡಗಳ ತಲೆ. ಅಂದರೆ ನಾವು ದಡ ಅಂದುಕೊಂಡು ನಿಲ್ಲುವ ಜಾಗವೂ ಒಂದು ಗುಡ್ಡದ ಇಳಿಜಾರೇ, ನಾಲ್ಕು ಹೆಜ್ಜೆ ಮುಂದೆ ಹೋದರೆ ಕಾಲಿಗೆ ನೆಲ ಸಿಗದೆ ಹೋಗಬಹುದು, ಸಿಕ್ಕರೂ ಕೆಸರು, ಕೆಸರಿನೊಳಗೆ ಹಳೆಯ ಮರದ ಬುಡ. ನೀರಿನ ಮಟ್ಟವೂ ಏರಿಳಿಯುತ್ತಾ ಇರುತ್ತದೆ, ಹೋದ ವರ್ಷ ಮೊಣಕಾಲುದ್ದ ಇದ್ದಲ್ಲಿ ಈ ವರ್ಷ ಆಳು ಮುಳುಗಬಹುದು.

ಇನ್ನೊಂದು ಚಳಿ. ಪ್ರತಿ ಸಾವಿರ ಮೀಟರ್ ಮೇಲೆ ಹತ್ತಿದ ಹಾಗೆ ಗಾಳಿ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಬಿಸಿಲಿಗೆ ಕೆರೆಯ ಮೇಲಿನ ನೀರು ಬೆಚ್ಚಗಾದರೂ ಆಳದ ನೀರು ತಣ್ಣಗೇ ಇರುತ್ತದೆ. ನಡೆದು ಬೆವರಿದ ಮೈಯಲ್ಲಿ ಹಾಗೇ ಹಾರಿದರೆ ಉಸಿರು ತನ್ನಷ್ಟಕ್ಕೆ ಒಳಗೆ ಎಳೆದುಕೊಳ್ಳುತ್ತದೆ, ತಡೆಯಲು ಆಗುವುದಿಲ್ಲ. ಆ ಹೊತ್ತಿಗೆ ಮುಖ ನೀರಿನೊಳಗೆ ಇದ್ದರೆ? ಚೆನ್ನಾಗಿ ಈಜು ಗೊತ್ತಿದ್ದವರೂ ಹೀಗೆ ಮುಳುಗುತ್ತಾರೆ.

ಹಾಗಾದರೆ ಈಜುವುದು ಎಲ್ಲಿ? ನಮ್ಮ ತೋಟಗಳಲ್ಲೇ ಜಾಗ ಇದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗ, ಅದರಿಂದ ನೀರು ಬಂದು ಬೀಳುವ ಮಣ್ಣಿನ ಕೆರೆ. ಅಡಿಕೆ ತೋಟಕ್ಕೆ ಬಿಡಲೆಂದು ಮಾಡಿದ್ದು, ಮಕ್ಕಳಿಗೆ ಈಜು ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಒಂದು ಕಡೆಯಿಂದ ಹೊಸ ನೀರು ಬರುತ್ತಾ ಇರುತ್ತದೆ, ಇನ್ನೊಂದು ಕಡೆಯಿಂದ ತೋಟಕ್ಕೆ ಹೋಗುತ್ತಾ ಇರುತ್ತದೆ. ಆಳ ಎಷ್ಟು, ಕಲ್ಲು ಎಲ್ಲಿದೆ ಅಂತ ಮನೆಯವರಿಗೆ ಗೊತ್ತು. ಬೇಸಿಗೆಯಲ್ಲಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟಿದರೆ ಅದರ ಹಿಂದೆ ನಿಂತ ನೀರೂ ಆಗುತ್ತದೆ, ಒಬ್ಬರು ದೊಡ್ಡವರು ಮೊದಲು ಇಳಿದು ಕಾಲಲ್ಲಿ ತಡವಿ ನೋಡಿರಬೇಕು ಅಷ್ಟೇ.

ಕಲಿಸುವ ಕ್ರಮವೂ ಹಳೆಯದೇ ಚೆನ್ನ. ಎರಡು ಒಣ ತೆಂಗಿನಕಾಯಿ, ಸಿಪ್ಪೆ ಸಮೇತ, ಜೋಡಿಸಿ ಕಟ್ಟಿ ಎದೆಯ ಅಡಿಗೆ ಕೊಡುವುದು. ನಮ್ಮ ಅಜ್ಜ ಹಾಗೆ ಕಲಿತವರು, ನನ್ನ ಮಕ್ಕಳೂ ಹಾಗೆಯೇ ಕಲಿತರು. ಗಾಳಿ ತುಂಬಿದ ಟ್ಯೂಬಿನ ಒಳಗೆ ಕೂತ ಮಗು ನೀರಿನಲ್ಲಿ ಕೂತಿರುತ್ತದೆ, ಈಜುವುದಿಲ್ಲ. ತೆಂಗಿನಕಾಯಿ ಆದರೆ ಮೈ ಮಲಗಲೇಬೇಕು, ಕಾಲು ಬಡಿಯಲೇಬೇಕು. ಆದರೆ ಅದಕ್ಕೂ ಮೊದಲು ಅಂಗಾತ ತೇಲಲು ಕಲಿಸಿ. ಸುಸ್ತಾದರೆ, ಹೆದರಿಕೆಯಾದರೆ, ಮೇಲೆ ನೋಡಿಕೊಂಡು ಸುಮ್ನೆ ಮಲಗಿದರೆ ಜೀವ ಉಳಿಯುತ್ತದೆ ಅಂತ ಮಗುವಿಗೆ ಗೊತ್ತಿರಬೇಕು. ದೊಡ್ಡವರು ದಡದಲ್ಲಿ ಮೊಬೈಲ್ ನೋಡುತ್ತಾ ಕೂರಬಾರದು, ನೀರಿನಲ್ಲೇ ನಿಂತಿರಬೇಕು, ಕೈಗೆ ಸಿಗುವಷ್ಟು ಹತ್ತಿರ.

ಊರಿನ ನೀರು ಅಂದ ಕೂಡಲೇ ಎಲ್ಲವೂ ಆಗುತ್ತದೆ ಅಂತಲ್ಲ. ಕೇರಳದಲ್ಲಿ 2024ರಲ್ಲೂ 2025ರಲ್ಲೂ ಅಮೀಬಾದಿಂದ ಬರುವ ಮೆದುಳು ಜ್ವರದ ಸುದ್ದಿ ಮತ್ತೆ ಮತ್ತೆ ಓದಿದ್ದೇವೆ ಅಲ್ವಾ. ನೇಗ್ಲೇರಿಯಾ ಫೌಲೇರಿ ಅನ್ನುವ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಇರುತ್ತದೆ, ಮೂಗಿನ ಮೂಲಕ ಮೆದುಳಿಗೆ ಹೋಗುತ್ತದೆ. ನೀರು ಹೊಟ್ಟೆಗೆ ಹೋದರೆ ಈ ಕಾಯಿಲೆ ಬರುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಅಪರೂಪದ ಕಾಯಿಲೆ, ಬಂದರೆ ಬದುಕಿಸುವುದು ಬಹಳ ಕಷ್ಟ. ಹಾಗಾಗಿ ಪಾಚಿ ಕಟ್ಟಿದ, ಬಿಸಿಲಿಗೆ ಬಿಸಿಯಾದ ನಿಂತ ನೀರಿಗೆ ನಾವು ಮಕ್ಕಳನ್ನು ಇಳಿಸುವುದೇ ಇಲ್ಲ. ಒಳ್ಳೆಯ ನೀರಿನಲ್ಲೂ ಮೇಲಿಂದ ಹಾರುವುದು, ತಳದ ಕೆಸರು ಕದಡುವುದು ಬೇಡ, ಮೂಗಿಗೆ ಕ್ಲಿಪ್ ಹಾಕಿ. ನೀರಲ್ಲಿ ಆಡಿ ಬಂದ ಮಗುವಿಗೆ ಕೆಲವು ದಿನಗಳಲ್ಲಿ ಜ್ವರ, ಜೋರು ತಲೆನೋವು, ವಾಂತಿ, ಕುತ್ತಿಗೆ ಬಗ್ಗಿಸಲು ಆಗದ ಹಾಗೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕೆರೆಗೆ ಇಳಿದ ವಿಷಯವನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ. ಮಳೆಗಾಲದಲ್ಲಿ ಕಾಲಲ್ಲಿ ಗಾಯ ಇದ್ದರೆ ಇಲಿ ಜ್ವರದ ಭಯವೂ ಇದೆ, ಆಗ ಈಜು ಬೇಡವೇ ಬೇಡ.

ಎಲ್ಲ ಕೆರೆಯೂ ಇಳಿಯಲಿಕ್ಕೆ ಅಲ್ಲ ಅಂತ ಚಿಕ್ಕವರಿಗೆ ತೋರಿಸಲು ಕುಂಬಳೆ ಹತ್ತಿರದ ಅನಂತಪುರಕ್ಕೆ ಕರೆದುಕೊಂಡು ಹೋಗಿ. ಕೆರೆಯ ನಡುವೆ ದೇವಸ್ಥಾನ, ಆ ಕೆರೆಯಲ್ಲೇ ಬಬಿಯಾ ಮೊಸಳೆ ಇದ್ದದ್ದು. 2022ರ ಅಕ್ಟೋಬರ್‌ನಲ್ಲಿ ಅದು ತೀರಿಹೋದಾಗ ನಮ್ಮ ಮನೆಯ ಮಕ್ಕಳು ಅತ್ತಿದ್ದಾರೆ. 2023ರಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು ಅಂತ ಕೇಳಿದ ಮೇಲೆ ನೋಡಲು ಓಡಿದ್ದೂ ಅವರೇ.

ನಡಿಗೆಗೂ ಅಭ್ಯಾಸ ಬೇಕು. ಮೊದಲು ನಮ್ಮ ಕಡೆಯ ಗುಡ್ಡಗಳೇ ಆಗಲಿ, ಪೊಸಡಿ ಗುಂಪೆ, ಆಮೇಲೆ ರಾಣಿಪುರಂ. ರಾಣಿಪುರಂ ಸುಮಾರು ಸಾವಿರ ಮೀಟರ್ ಎತ್ತರ, ಕಾಡು ದಾಟಿದರೆ ಹುಲ್ಲುಗಾವಲು. ಮಳೆ ಬಿಟ್ಟ ಹೊಸತರಲ್ಲಿ ಉಂಬಳ (ಜಿಗಣೆ) ಜಾಸ್ತಿ, ಕಾಲಿಗೆ ಉಪ್ಪು ಕಲಸಿದ ತೆಂಗಿನೆಣ್ಣೆ ಹಚ್ಚಿ. ಇಷ್ಟು ಹತ್ತಿದ ಮಗು ಚೆಂಬ್ರದ ದಾರಿಯಲ್ಲಿ ಅಳುವುದಿಲ್ಲ.

ಚೆಂಬ್ರ 2,100 ಮೀಟರ್, ವಯನಾಡಿನ ಅತಿ ಎತ್ತರದ ಬೆಟ್ಟ. ಅರ್ಧ ದಾರಿಯಲ್ಲಿ ಹೃದಯದ ಆಕಾರದ ಕೆರೆ ಇದೆ, ಚಿಕ್ಕದು, ಸುತ್ತ ಹುಲ್ಲು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹತ್ತುವಂತಿಲ್ಲ, ಬಿಟ್ಟರೂ ಕೆರೆಯವರೆಗೆ ಮಾತ್ರ. ಎಷ್ಟೋ ಸಲ ಮುಚ್ಚಿರುತ್ತದೆ, ಹೊರಡುವ ಮೊದಲೇ ಕೇಳಿಕೊಳ್ಳಿ. 2024ರ ಜುಲೈ 30ರಂದು ಗುಡ್ಡ ಕುಸಿದು ಕೊಚ್ಚಿಹೋದ ಮುಂಡಕ್ಕೈ, ಚೂರಲ್‌ಮಲ ಈ ಬೆಟ್ಟದ ಬುಡದ ಮೇಪ್ಪಾಡಿಯ ಕಡೆ. ಅಲ್ಲಿ ಮನೆಯವರನ್ನು ಕಳೆದುಕೊಂಡವರು ಇನ್ನೂ ಇದ್ದಾರೆ. ಕುಸಿದ ಜಾಗ ನೋಡಲೆಂದು ದಯವಿಟ್ಟು ಗಾಡಿ ತಿರುಗಿಸಬೇಡಿ, ಮತ್ತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬೆಟ್ಟಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ಮನೆಮಂದಿ ಎಲ್ಲ ಸೇರಿ ಹೋಗಲು ನನಗೆ ಇಷ್ಟ ಪೂಕೋಡು. ಸುಮಾರು 770 ಮೀಟರ್ ಎತ್ತರದಲ್ಲಿ ತಾನಾಗಿಯೇ ಆದ ಕೆರೆ, ಯಾರೂ ಕಟ್ಟಿದ್ದಲ್ಲ. ಸುತ್ತ ನಡೆಯಲು ದಾರಿ ಇದೆ, ಮಂಡಿನೋವಿನ ನಮ್ಮ ಅತ್ತೆಯವರೂ ನಿಧಾನಕ್ಕೆ ನಡೆಯುತ್ತಾರೆ, ಬೇಡವಾದರೆ ಪೆಡಲ್ ದೋಣಿ. ಈ ಕೆರೆಯ ಹೆಸರಿನಲ್ಲೇ ಒಂದು ಪುಟ್ಟ ಮೀನಿದೆ, ಪೆಥಿಯಾ ಪೂಕೋಡೆನ್ಸಿಸ್. ಇಲ್ಲಿಂದ ಹೊರಟ ನೀರು ಪನಮರಂ ಹೊಳೆಯಾಗಿ ಕಬಿನಿಗೆ, ಅಲ್ಲಿಂದ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಸ್ವಲ್ಪ ಮುಂದೆ ಲಕ್ಕಿಡಿಯಲ್ಲಿ ನಿಂತರೆ ತಾಮರಶ್ಶೇರಿ ಘಾಟಿ ಕೆಳಗೆ ಇಳಿಯುತ್ತದೆ, ಆ ಇಳಿಜಾರಿಗೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ. ಇದನ್ನು ಅಲ್ಲಿಯೇ ನಿಂತು ಮಕ್ಕಳಿಗೆ ತೋರಿಸಿದರೆ ಭೂಗೋಳದ ಪುಸ್ತಕ ಬೇಡ.

ಬುತ್ತಿ ಮನೆಯಿಂದಲೇ. ಹುಳಿ ಅವಲಕ್ಕಿ, ಇಡ್ಲಿ, ಸ್ಟೀಲ್ ಬಾಟಲಿಯಲ್ಲಿ ಪುನರ್ಪುಳಿ (ಕೋಕಂ) ಶರಬತ್ತು. ಕೋತಿಗಳು ಇರುವುದರಿಂದ ಗಾಡಿಯ ಹತ್ತಿರವೇ ತಿಂದು ಮುಗಿಸಿ, ತಂದ ಕಸ ವಾಪಸ್ ತೆಗೆದುಕೊಂಡು ಬನ್ನಿ. ಶನಿವಾರ, ಭಾನುವಾರ ಜನ ತುಂಬಿರುತ್ತಾರೆ, ಆದಷ್ಟು ವಾರದ ನಡುವೆ ಬೆಳಗ್ಗೆಯೇ ತಲುಪಿ. ಮೈಸೂರಿಗೂ ಹೋಗಿಬರುವವರು ಒಂದು ನೆನಪಿಡಿ, ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್.