ಸ್ಯಾನಿಬೆಲ್ ದ್ವೀಪದ ಶಂಖಗಳು

ಅಮೆರಿಕದ ಫ್ಲಾರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿ, ಫೋರ್ಟ್ ಮಯರ್ಸ್ ನಗರದ ಎದುರಿಗೆ, ಸ್ಯಾನಿಬೆಲ್ ಎಂಬ ಪುಟ್ಟ ದ್ವೀಪಪಟ್ಟಣವಿದೆ. ನಾವು ಅದೇ ರಾಜ್ಯದ ಟ್ಯಾಂಪಾದಲ್ಲಿ ನೆಲೆಸಿದ ಮೇಲೆ ಊರಿನಿಂದ ಯಾರೇ ಬಂದರೂ ಡಿಸ್ನಿ ವರ್ಲ್ಡ್‌ಗೆ ಹೆಸರಾದ ಒರ್ಲ್ಯಾಂಡೋಗಿಂತ ಮೊದಲು ಅವರನ್ನು ಕರೆದುಕೊಂಡು ಹೋಗುತ್ತಿದ್ದುದು ಇಲ್ಲಿಗೇ. ಈ ಭಾಗದ ದ್ವೀಪಗಳು ಬಹುಪಾಲು ದಡಕ್ಕೆ ಸಮಾನಾಂತರವಾಗಿ ಉತ್ತರ–ದಕ್ಷಿಣಕ್ಕೆ ಚಾಚಿಕೊಂಡಿದ್ದರೆ, ಸ್ಯಾನಿಬೆಲ್ ಮಾತ್ರ ಬಾಗಿ ಪೂರ್ವ–ಪಶ್ಚಿಮಕ್ಕೆ ಮಲಗಿದೆ. ಹಾಗಾಗಿ ಮೆಕ್ಸಿಕೊ ಕೊಲ್ಲಿಯ ನೀರು ಹೊತ್ತು ತರುವ ಚಿಪ್ಪು, ಶಂಖಗಳೆಲ್ಲ ಒಡ್ಡಿಗೆ ಸಿಕ್ಕಿದಂತೆ ಇದರ ತೀರಕ್ಕೆ ಬಂದು ಬೀಳುತ್ತವೆ. ಬೆಳಗಿನ ಇಳಿತದ ಹೊತ್ತಿಗೆ ಜನರೆಲ್ಲ ಬೆನ್ನು ಬಾಗಿಸಿ, ಕಣ್ಣು ನೆಲಕ್ಕೆ ನೆಟ್ಟು ನಡೆಯುತ್ತಿರುತ್ತಾರೆ.

ಅಮ್ಮ ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ. ಕಡಲು ಅವರಿಗೆ ಹೊಸತೇನೂ ಅಲ್ಲ. ಆದರೂ ಮೊದಲ ಸಲ ಬೋಮನ್ಸ್ ಬೀಚಿನಲ್ಲಿ ಅಂಗೈಯಗಲದ ಶಂಖವೊಂದನ್ನು ಎತ್ತಿಕೊಂಡು, ಪೂಜೆಗೆ ಹಿಡಿಯುವಂತೆ ನೀರೆರೆಯುವ ಚೂಪು ತುದಿಯನ್ನು ಮೇಲೆ ಮಾಡಿ ನೋಡಿದವರು ಸ್ತಬ್ಧರಾದರು. ಬಾಯಿ ಬಲಕ್ಕೆ ತೆರೆದುಕೊಂಡಿತ್ತು. “ಬಲಮುರಿ ಮಾರಾಯ! ಮನೆಯಲ್ಲಿದ್ದರೆ ಲಕ್ಷ್ಮಿ ಇದ್ದ ಹಾಗೆ ಅನ್ನುತ್ತಾರೆ, ಇಲ್ಲಿ ಕಾಲಿಗೆ ಸಿಗುತ್ತಿದೆಯಲ್ಲ!” ಎಂದರು. ಅದು ಲೈಟ್ನಿಂಗ್ ವೆಲ್ಕ್ ಎಂಬ ಬೇರೆಯೇ ಜಾತಿ. ನಮ್ಮ ಹಿಂದೂ ಮಹಾಸಾಗರದ ಶಂಖದಲ್ಲಿ ಬಲಮುರಿ ಅತಿ ವಿರಳ; ಇದರಲ್ಲಿ ಅದೇ ಸಹಜವಾದ ರೂಪ. ನಮ್ಮಲ್ಲಿ ದುಬಾರಿ ಬೆಲೆಗೆ ಬಲಮುರಿ ಶಂಖವೆಂದು ಮಾರುವುದರಲ್ಲಿ ಎಷ್ಟೋ ಈ ಅಮೆರಿಕದ ಜಾತಿಯವೇ. ಅಷ್ಟರಲ್ಲಿ ಒಳಗಿನಿಂದ ಕಪ್ಪನೆಯ ಮೃದುವಾದ ಮೈ ಮೆಲ್ಲಗೆ ಹೊರಬಂದಿತು. ಜೀವವಿರುವ ಚಿಪ್ಪನ್ನು ಒಯ್ಯುವುದು ಸ್ಯಾನಿಬೆಲ್‌ನಲ್ಲಿ 1995ರಿಂದ ನಿಷಿದ್ಧ. ನಾನು ಅದನ್ನು ಹೇಳುವ ಮೊದಲೇ ಅಮ್ಮ ಮೊಣಕಾಲುದ್ದದ ನೀರಿಗಿಳಿದು, ಅದನ್ನು ಮರಳ ಮೇಲೆ ಇಟ್ಟು ಬಂದಿದ್ದರು.

ಈ ಪಟ್ಟಣದ ಮೇಲೆ ನನಗಿದ್ದ ಪ್ರೀತಿಗೆ ಇನ್ನೊಂದು ಕಾರಣ ಅದರ ಸಂಯಮ. 1963ರಲ್ಲಿ ಸೇತುವೆ ಬಂದ ಮೇಲೆ ದ್ವೀಪದ ತುಂಬ ಕಟ್ಟಡಗಳೇಳುವ ಸೂಚನೆ ಕಂಡಾಗ, ಅಲ್ಲಿನ ನಿವಾಸಿಗಳು 1974ರಲ್ಲಿ ತಮ್ಮದೇ ನಗರಾಡಳಿತ ರಚಿಸಿಕೊಂಡು ಕಟ್ಟಡಗಳ ಎತ್ತರಕ್ಕೂ ಸಂಖ್ಯೆಗೂ ಮಿತಿ ಹಾಕಿದರು. ದ್ವೀಪದ ಹೆಚ್ಚಿನ ಭಾಗ ಇಂದಿಗೂ ಕಾಂಡ್ಲಾ ಕಾಡು, ಜೌಗು, ಪಕ್ಷಿಧಾಮ. ಟ್ರಾಫಿಕ್ ಸಿಗ್ನಲ್ ಇಲ್ಲ. ಕಡಲಾಮೆಗಳು ಮೊಟ್ಟೆಯಿಡುವ ಕಾಲದಲ್ಲಿ ತೀರದ ಮನೆಗಳವರು ದೀಪ ಆರಿಸುತ್ತಾರೆ. ಆ ಕತ್ತಲಲ್ಲಿ ಮಕ್ಕಳಿಗೆ ಆಕಾಶಗಂಗೆಯನ್ನು ತೋರಿಸಿದ್ದೇನೆ.

2022ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಇಯಾನ್ ಚಂಡಮಾರುತ ಟ್ಯಾಂಪಾಕ್ಕೇ ಬರುತ್ತದೆಂಬ ಮುನ್ಸೂಚನೆಯಿತ್ತು. ಕಿಟಕಿಗಳಿಗೆ ಹಲಗೆ ಹೊಡೆದು, ನೀರು ತುಂಬಿಸಿಟ್ಟು ಕಾಯುತ್ತಿದ್ದಂತೆ ಅದು ದಕ್ಷಿಣಕ್ಕೆ ಹೊರಳಿತು. 28ರಂದು ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಸ್ಯಾನಿಬೆಲ್‌ನ ಉತ್ತರದಲ್ಲೇ ಇರುವ ಕಾಯೊ ಕೋಸ್ಟಾ ದ್ವೀಪವನ್ನು ಹಾಯ್ದು ಒಳಬಂದಿತು. ಚಂಡಮಾರುತ ಇಲ್ಲಿ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಅದರ ಕಣ್ಣಿನ ಉತ್ತರಕ್ಕಿದ್ದ ನಮ್ಮ ಟ್ಯಾಂಪಾ ಕೊಲ್ಲಿಯ ನೀರನ್ನು ಗಾಳಿ ಕಡಲಿಗೆ ತಳ್ಳಿ ತಳವನ್ನೇ ಬರಿದು ಮಾಡಿತು. ದಕ್ಷಿಣಕ್ಕಿದ್ದ ಸ್ಯಾನಿಬೆಲ್ ಮೇಲೆ ಅದೇ ಗಾಳಿ ಕಡಲನ್ನು ನುಗ್ಗಿಸಿತು. ನಮಗೆ ತಪ್ಪಿದ್ದು ಅವರ ಪಾಲಿಗೆ ಹೋಯಿತೆಂಬ ಸಂಕಟ ನನ್ನನ್ನು ಬಹಳ ಕಾಲ ಬಿಡಲಿಲ್ಲ.

ಸೇತುವೆಗಳು ನಿಂತವು, ಆದರೆ ಅವುಗಳನ್ನು ಜೋಡಿಸುವ ರಸ್ತೆ ಹಲವು ಕಡೆ ಕೊಚ್ಚಿಹೋಯಿತು. ಮೂರು ವಾರಗಳಲ್ಲಿ ತಾತ್ಕಾಲಿಕ ದಾರಿ ಮಾಡಿ ನಿವಾಸಿಗಳನ್ನು ಬಿಟ್ಟರು. 1884ರ ಕಬ್ಬಿಣದ ದೀಪಸ್ತಂಭ ತನ್ನ ಒಂದು ಕಾಲನ್ನು ಕಳೆದುಕೊಂಡೂ ನಿಂತಿತ್ತು. ಪಕ್ಕದ ಕಾವಲುಗಾರರ ಮನೆಗಳ ಗುರುತೂ ಇರಲಿಲ್ಲ. 2023ರ ಫೆಬ್ರವರಿ 28ರಂದು ದೀಪ ಮತ್ತೆ ಹೊತ್ತಿತು.

ಹೊರಗಿನವರಿಗೆ ದಾರಿ ತೆರೆದ ಮೇಲೆ ನಾನೂ ಹೋಗಿ ಬಂದೆ. ನಾವು ಉಳಿಯುತ್ತಿದ್ದ ಹಳೆಯ ಮರದ ಕುಟೀರಗಳ ಅಂಗಳದಲ್ಲಿ ಚಿಪ್ಪು ತೊಳೆಯಲೆಂದೇ ಒಂದು ಮೇಜು, ನಲ್ಲಿ, ದಾರ ಕಟ್ಟಿದ ಬ್ರಷ್ ಇದ್ದವು. ಆ ನಲ್ಲಿಯ ಪೈಪೊಂದೇ ಮರಳಿನಿಂದ ಮೇಲೆದ್ದು ವಾಲಿಕೊಂಡಿತ್ತು. ರಸ್ತೆಬದಿಯಲ್ಲಿ ಹಾಸಿಗೆ, ಫ್ರಿಜ್, ಒದ್ದೆಯಾದ ಗೋಡೆಹಲಗೆಗಳ ರಾಶಿ. ಕಾಂಡ್ಲಾ ಮರಗಳು ಬೋಳಾಗಿದ್ದರೂ ಬುಡದಲ್ಲಿ ಹಸಿರು ಕಾಣುತ್ತಿತ್ತು.

2024ರಲ್ಲಿ ಹೆಲೀನ್ ಮತ್ತು ಮಿಲ್ಟನ್ ಚಂಡಮಾರುತಗಳು ಮತ್ತೆ ನೀರು ನುಗ್ಗಿಸಿದವು. ಹೊಸ ಮನೆಗಳು ಈಗ ಎತ್ತರದ ಕಂಬಗಳ ಮೇಲೆ ಏಳುತ್ತಿವೆ. ಹಾಗೆ ಕಟ್ಟುವ ಖರ್ಚನ್ನು ಆ ಸಣ್ಣ ಕುಟೀರಗಳನ್ನು ನಡೆಸುತ್ತಿದ್ದವರು ತಾಳಿಕೊಳ್ಳುವರೇ ಎಂಬುದೇ ನನ್ನ ದೊಡ್ಡ ಚಿಂತೆ. ನಮ್ಮಂಥವರಿಗೆ ಆ ದ್ವೀಪ ಕೈಗೆಟುಕುತ್ತಿದ್ದುದು ಅವರಿಂದ. ಚಳಿಗಾಲದಲ್ಲಿ ಅಮ್ಮ ಬರುತ್ತಿದ್ದಾರೆ. ಈ ಸಲ ಫೋರ್ಟ್ ಮಯರ್ಸ್‌ನಲ್ಲಿ ಉಳಿದು, ವಾಯವ್ಯದ ಗಾಳಿ ಬೀಸಿದ ಮರುದಿನ ಇಳಿತದ ಹೊತ್ತಿಗೆ ಸೇತುವೆ ದಾಟುವುದೆಂದು ಮಾತಾಡಿಕೊಂಡಿದ್ದೇವೆ.